ಹೊಸ ಮೀನುತೊಟ್ಟಿ ಹದಕ್ಕೆ ಬರಲು ತಡವೇಕೆ?



ಹಿತ್ತಲಲ್ಲಿ ಒಂದೆರಡು ಸಿಮೆಂಟ್ ತೊಟ್ಟಿ, ನಾಲ್ಕಾರು ಗಾಜಿನ ತೊಟ್ಟಿಗಳನ್ನಿಟ್ಟು ಗಪ್ಪಿ, ಮಾಲಿ, ಪ್ಲಾಟಿ, ಗೋಲ್ಡ್ ಫಿಶ್ ಮುಂತಾದ ಅಲಂಕಾರಿಕ ಮೀನುಗಳನ್ನು ಸಾಕಿ ಮಾರುವುದು ಹೈನು, ಕೋಳಿಗಳಂತೆಯೇ ಒಂದು ಉಪಕಸುಬು. ಈ ಕಸುಬಿಗೆ ಹೊಸದಾಗಿ ಇಳಿದವರು ಕೈಸುಟ್ಟುಕೊಳ್ಳುವುದು ಸಾಮಾನ್ಯವಾಗಿ ಮೊದಲ ತಿಂಗಳಿನಲ್ಲಿಯೇ. ತೊಟ್ಟಿ ಹೊಸದು, ನೀರು ಕನ್ನಡಿಯಂತೆ ತಿಳಿ, ತಂದ ಮರಿಗಳೂ ಗಟ್ಟಿಮುಟ್ಟು. ಆದರೂ ಎಂಟು ಹತ್ತು ದಿನಗಳಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ, ದಿನಕ್ಕಿಷ್ಟರಂತೆ ಸಾಯುತ್ತವೆ. ಯಾವುದೋ ರೋಗ ತಗುಲಿತೆಂದು ಬಗೆದು ಔಷಧಿ ಸುರಿಯುವವರೇ ಹೆಚ್ಚು. ಆದರೆ ಅದು ರೋಗವಲ್ಲ. ಮೀನುಗಳೇ ಹೊರಹಾಕಿದ ಅಮೋನಿಯಾ ನೀರಿನಲ್ಲಿ ಕೂಡಿ ವಿಷವಾಗಿರುತ್ತದೆ. ಅದನ್ನು ಕರಗಿಸಬೇಕಾದ ಅಣುಜೀವಿಗಳು ಹೊಸ ತೊಟ್ಟಿಯಲ್ಲಿ ಇನ್ನೂ ಹುಟ್ಟಿಕೊಂಡಿರುವುದಿಲ್ಲ.

ಆದುದರಿಂದ ಮೀನು ತರುವ ಮುನ್ನವೇ ತೊಟ್ಟಿಯನ್ನು ಹದಕ್ಕೆ ತರಬೇಕು. ಖಾಲಿ ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಓಡಿಸಿ, ಮೀನಿನ ಬದಲಿಗೆ ಅಳತೆಯಿಂದ ಅಮೋನಿಯಾ ಒದಗಿಸಿದರೆ ಅಣುಜೀವಿಗಳು ತಾವಾಗಿಯೇ ಬೆಳೆಯುತ್ತವೆ. ನೀರು 25ರಿಂದ 28 ಡಿಗ್ರಿ ಸೆಲ್ಷಿಯಸ್ ಬೆಚ್ಚಗಿದ್ದರೆ ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕೆಲವರ ತೊಟ್ಟಿಯಲ್ಲಿ ಮಾತ್ರ ಎರಡು ತಿಂಗಳಾದರೂ ಅಮೋನಿಯಾ ಹಾಕಿದ್ದು ಹಾಕಿದಂತೆಯೇ ಇರುತ್ತದೆ. ಸಾಲದ ಕಂತು ಬಂದಿರುತ್ತದೆ, ಮರಿಗಳಿಗೆ ಮುಂಗಡ ಕೊಟ್ಟಾಗಿರುತ್ತದೆ. ಇನ್ನು ಕಾಯಲಾರೆವೆಂದು ಮೀನು ಬಿಟ್ಟುಬಿಡುವುದು ಇಂಥ ಹೊತ್ತಿನಲ್ಲಿಯೇ. ಅಲ್ಲಿಗೆ ಕಾದ ಎರಡು ತಿಂಗಳೂ ವ್ಯರ್ಥ, ಮೀನಿನ ಹಣವೂ ವ್ಯರ್ಥ. ತೊಟ್ಟಿ ತಡವಾಗುತ್ತಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣ ಬಹುಮಟ್ಟಿಗೆ ನೀರಿನಲ್ಲಿಯೇ ಇರುತ್ತದೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಹೊಲದಲ್ಲಿ ನಡೆಯುವುದೇ ತೊಟ್ಟಿಯಲ್ಲೂ

ಹೊಲಕ್ಕೆ ಹಾಕಿದ ಅಮೋನಿಯಂ ಸಲ್ಫೇಟ್ ಗೊಬ್ಬರ ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಡುವುದನ್ನು ರೈತರು ಬಲ್ಲರು. ಇದಕ್ಕೆ ನೈಟ್ರೀಕರಣವೆಂದು ಹೆಸರು. ಮಣ್ಣಿನ ಕಣಕ್ಕಂಟಿದ ಒಂದು ಗುಂಪಿನ ಅಣುಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಮತ್ತೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ತೊಟ್ಟಿಯಲ್ಲಿ ಮಣ್ಣಿನ ಕಣದ ಬದಲು ಫಿಲ್ಟರಿನ ಸ್ಪಂಜು, ಜಲ್ಲಿ, ತೊಟ್ಟಿಯ ಗೋಡೆ, ಅಷ್ಟೇ ವ್ಯತ್ಯಾಸ. ಅಮೋನಿಯಾ ಮೀನಿಗೆ ವಿಷ, ನೈಟ್ರೈಟೂ ವಿಷ. ನೈಟ್ರೇಟ್ ಮಾತ್ರ ಹೆಚ್ಚು ಸಂಗ್ರಹವಾಗದಂತೆ ನೀರು ಬದಲಿಸುತ್ತಿದ್ದರೆ ಬಾಧಕವಿಲ್ಲ.

ಈ ಕೆಲಸ ಜೀವಿಗಳದ್ದೆಂದು ಮೊದಲು ತೋರಿಸಿಕೊಟ್ಟವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ವಿಜ್ಞಾನಿಗಳು, 1877ರಲ್ಲಿ. ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳು ಹಾಗೂ ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಚರಂಡಿ ನೀರನ್ನು ಹನಿಹನಿಯಾಗಿ ಇಳಿಸಿದರು. ಇಪ್ಪತ್ತು ದಿನಗಳವರೆಗೆ ಅಮೋನಿಯಾ ಹಾಗೆಯೇ ಕೆಳಗೆ ಬಂತು. ಆಮೇಲೆ ಅಮೋನಿಯಾ ಇಳಿಯುತ್ತ ಹೋಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರಂ ಆವಿ ಬಿಟ್ಟಾಗ ಕ್ರಿಯೆ ನಿಂತಿತು. ಅದನ್ನು ಹೋಗಲಾಡಿಸಿ ತೋಟದ ಮಣ್ಣಿನ ತಿಳಿನೀರು ಹಾಕಿದಾಗ ಮತ್ತೆ ಆರಂಭವಾಯಿತು. ಹೊಸ ತೊಟ್ಟಿಯ ಕಥೆಯೆಲ್ಲ ಈ ಒಂದು ಪ್ರಯೋಗದಲ್ಲಿದೆ. ಮೊದಲ ಇಪ್ಪತ್ತು ದಿನ ಏನೂ ಆಗದಂತೆ ಕಾಣುವುದು ಸಹಜ. ಸುಣ್ಣಾಂಶ ಬೇಕು. ವಿಷ ಬಿದ್ದರೆ ಕೆಲಸ ನಿಲ್ಲುತ್ತದೆ. ಹೆಪ್ಪು ಹಾಕಿದರೆ ಬೇಗ ಆಗುತ್ತದೆ.

ಈ ಅಣುಜೀವಿಗಳು ಇಷ್ಟು ನಿಧಾನವೇಕೆ? ಹಾಲು ಮೊಸರಾಗಿಸುವಂಥ ಅಣುಜೀವಿಗಳು ಅನುಕೂಲವಿದ್ದರೆ ಗಂಟೆಯೊಳಗೆ ಒಂದು ಎರಡಾಗುತ್ತವೆ. ನೈಟ್ರೀಕರಣದ ಜೀವಿಗಳು ಒಮ್ಮೆ ಇಮ್ಮಡಿಯಾಗಲು ಎಂಟು ಗಂಟೆಯಿಂದ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಅಮೋನಿಯಾದಿಂದ ಅವಕ್ಕೆ ಸಿಗುವ ಶಕ್ತಿ ಬಹಳ ಕಡಿಮೆ. ಅದರಲ್ಲಿಯೇ ಅವು ಗಿಡಗಳಂತೆ ನೀರಿನಲ್ಲಿ ಕರಗಿದ ಇಂಗಾಲವನ್ನು ಹಿಡಿದು ಮೈ ಬೆಳೆಸಿಕೊಳ್ಳಬೇಕು. ಬಡ ಕುಟುಂಬ ದೊಡ್ಡದಾಗಲು ಹೊತ್ತು ಹಿಡಿಯುತ್ತದೆ.

ಅಮೋನಿಯಾ ಯಾವುದು, ಎಷ್ಟು?

ತಡವಾಗುವ ತೊಟ್ಟಿಗಳಲ್ಲಿ ಅನೇಕ ಕಡೆ ತಪ್ಪು ಇಲ್ಲಿಂದಲೇ ಶುರುವಾಗುತ್ತದೆ. ಕೈಗೆ ಸುಲಭವಾಗಿ ಸಿಗುವ ಗೊಬ್ಬರವೆಂದು ಯೂರಿಯಾ ಹಾಕುವವರಿದ್ದಾರೆ. ಯೂರಿಯಾ ನೇರವಾಗಿ ಅಮೋನಿಯಾ ಅಲ್ಲ. ಬೇರೆ ಅಣುಜೀವಿಗಳು ಅದನ್ನು ಒಡೆದ ಮೇಲೆ ಅಮೋನಿಯಾ ಬರಬೇಕು. ಹೊಸ ತೊಟ್ಟಿಯಲ್ಲಿ ಅದು ಯಾವಾಗ, ಎಷ್ಟು ಒಡೆಯುತ್ತದೆಂದು ಹೇಳಲಾಗದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. 2015ರಲ್ಲಿ ನಮ್ಮ ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವನ್ನು ಕಡ್ಡಾಯ ಮಾಡಲಾಯಿತು. ಬೇವಿನ ಲೇಪದ ಉದ್ದೇಶವೇ ಮಣ್ಣಿನಲ್ಲಿ ನೈಟ್ರೀಕರಣವನ್ನು ನಿಧಾನಗೊಳಿಸಿ ಸಾರಜನಕ ಪೋಲಾಗದಂತೆ ಮಾಡುವುದು. ಹೊಲದಲ್ಲಿ ಅದು ಒಳ್ಳೆಯ ಗುಣ. ಆದರೆ ನೈಟ್ರೀಕರಣ ಬೇಗ ಆಗಲೆಂದು ಕಾಯುತ್ತಿರುವ ತೊಟ್ಟಿಗೆ, ಅದನ್ನು ತಡೆಯಲೆಂದೇ ತಯಾರಿಸಿದ ವಸ್ತುವನ್ನು ಸುರಿದರೆ ಫಲವೇನು? ರೋಗ ಬಾರದಿರಲೆಂದು ತೊಟ್ಟಿಗೆ ಬೇವಿನ ಸೊಪ್ಪು ಹಾಕುವ ರೂಢಿಯೂ ಈ ಅವಧಿಯಲ್ಲಿ ಬೇಡ.

ಅಮೋನಿಯಂ ಸಲ್ಫೇಟ್ ಸರಳ ದಾರಿ. ಅದರಲ್ಲಿ ಶೇಕಡ 20.6ರಷ್ಟು ಸಾರಜನಕವಿದೆ. 100 ಲೀಟರ್ ನೀರಿಗೆ 1 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಹದಗೊಳಿಸಲು ಇಷ್ಟೇ ಸಾಕು. ಒಂದೊಂದು ಗ್ರಾಂ ತೂಗುವುದು ಕಷ್ಟವಾದರೆ, 100 ಗ್ರಾಂ ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಆಗುವಂತೆ ಮಾಡಿ ಬಾಟಲಿಯಲ್ಲಿಟ್ಟುಕೊಳ್ಳಬಹುದು. ಅದರ 10 ಮಿಲಿಲೀಟರಿನಲ್ಲಿ 1 ಗ್ರಾಂ ಇರುತ್ತದೆ. ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ರಸಾಯನ ಅಂಗಡಿಯಲ್ಲಿ ಸಿಗುವ ಶುದ್ಧ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರವೂ ಆಗುತ್ತದೆ. ಅದಾದರೆ 100 ಲೀಟರಿಗೆ ಮುಕ್ಕಾಲು ಗ್ರಾಂ. ಸಾಬೂನು, ಸುಗಂಧ ಬೆರೆತ ಅಮೋನಿಯಾ ದ್ರಾವಣ ಬೇಡವೇ ಬೇಡ.

ಮೊದಲ ಸಲ ಹಾಕಿದ ಅಮೋನಿಯಾ ಇಳಿಯುವವರೆಗೆ ಎರಡನೆಯ ಸಲ ಹಾಕಬಾರದು. ದಿನಕ್ಕೊಮ್ಮೆ ಹಾಕಬೇಕೆಂದು ಯಾರೋ ಹೇಳಿದ್ದನ್ನು ನಂಬಿ ದಿನವೂ ಸುರಿದರೆ ವಾರದಲ್ಲಿ ಅದು 10 ಮಿಲಿಗ್ರಾಂ ದಾಟುತ್ತದೆ. ಅಮೋನಿಯಾ ಅತಿಯಾದರೆ ಅದನ್ನು ತಿನ್ನುವ ಜೀವಿಗಳಿಗೇ ಅದು ಮಾರಕ. ಅದರಲ್ಲೂ ನೈಟ್ರೈಟ್ ತಿನ್ನುವ ಎರಡನೆಯ ಗುಂಪು ಹೆಚ್ಚು ನಾಜೂಕು. ಮೊದಲು ಕುಗ್ಗುವುದು ಅದೇ. ಆಗಿರುವ ತಪ್ಪಿಗೆ ಪರಿಹಾರ ಸುಲಭ. ಅರ್ಧ ನೀರು ತೆಗೆದು ಹೊಸ ನೀರು ತುಂಬುವುದು. ನೀರು ಬದಲಿಸಿದರೆ ಅಣುಜೀವಿಗಳು ಹೋಗಿಬಿಡುತ್ತವೆಂಬ ಭಯ ಅನೇಕರಿಗಿದೆ. ಅವುಗಳ ವಾಸ ನೀರಿನಲ್ಲಲ್ಲ, ಸ್ಪಂಜಿಗೆ, ಕಲ್ಲಿಗೆ ಅಂಟಿದ ತೆಳುವಾದ ಲೋಳೆಯಲ್ಲಿ. ನೀರು ಎಷ್ಟು ಬದಲಿಸಿದರೂ ನಷ್ಟವಿಲ್ಲ.

ಕರಾವಳಿಯ ಬಾವಿ, ಬಯಲುಸೀಮೆಯ ಕೊಳವೆಬಾವಿ

ಒಂದೇ ಪುಸ್ತಕ ನೋಡಿ ತೊಟ್ಟಿ ಮಾಡಿದರೂ ಉಡುಪಿಯ ಕಡೆಯ ತೊಟ್ಟಿ ಒಂದು ರೀತಿ, ಕೋಲಾರದ ಕಡೆಯ ತೊಟ್ಟಿ ಇನ್ನೊಂದು ರೀತಿ ಕೈಕೊಡುತ್ತದೆ. ಇದಕ್ಕೆ ನೀರು ಕಾರಣ.

ಕರಾವಳಿ, ಮಲೆನಾಡುಗಳ ಜಂಬಿಟ್ಟಿಗೆ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಅನೇಕ ಕಡೆ ಸ್ವಲ್ಪ ಹುಳಿ. ಅದರಲ್ಲಿ ಕ್ಷಾರತೆ ಕಡಿಮೆ. ನೈಟ್ರೀಕರಣದಲ್ಲಿ ಆಮ್ಲ ಹುಟ್ಟುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಬೇಕಾದರೆ ಸುಮಾರು 7 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ನೀರಿನಲ್ಲಿ ಲೀಟರಿಗೆ 25 ಮಿಲಿಗ್ರಾಂ ಕ್ಷಾರತೆಯಿದೆ ಎನ್ನಿ. ಮೇಲೆ ಹೇಳಿದ ಪ್ರಮಾಣದಲ್ಲಿ ಒಮ್ಮೆ ಅಮೋನಿಯಾ ಹಾಕಿದರೆ 14 ಮಿಲಿಗ್ರಾಂ ಖರ್ಚಾಯಿತು. ಎರಡನೆಯ ಸಲ ಹಾಕಿದ್ದು ಪೂರ್ತಿ ಕರಗುವ ಮೊದಲೇ ಬೊಕ್ಕಸ ಬರಿದು. ರಸಸಾರ 6ರ ಹತ್ತಿರಕ್ಕೆ ಇಳಿದು ಕೆಲಸ ನಿಂತೇಹೋಗುತ್ತದೆ. ಮೊದಲು ಚೆನ್ನಾಗಿ ಇಳಿಯುತ್ತಿದ್ದ ಅಮೋನಿಯಾ ನಡುವೆ ಥಟ್ಟನೆ ನಿಂತಿತೆಂದು ದೂರುವವರ ತೊಟ್ಟಿಯಲ್ಲಿ ಮೊದಲು ನೋಡಬೇಕಾದುದು ರಸಸಾರವನ್ನು. ಅದಕ್ಕೆ ಬಣ್ಣದ ಕಾಗದ ಸಾಕು. ಕ್ಷಾರತೆ ಅಳೆಯುವ ಕಿಟ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಡಿಗ್ರಿಯ ಲೆಕ್ಕವಿದ್ದರೆ ಒಂದು ಡಿಗ್ರಿಗೆ ಸುಮಾರು 18 ಮಿಲಿಗ್ರಾಂ ಎಂದು ತಿಳಿಯಬೇಕು.

ಪರಿಹಾರ ಅಡುಗೆಮನೆಯಲ್ಲಿದೆ. 100 ಲೀಟರಿಗೆ 8ರಿಂದ 9 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಷಾರತೆ ಬರುತ್ತದೆ. ಅಡುಗೆ ಸೋಡಾವೇ ಆಗಬೇಕು, ಬಟ್ಟೆ ಒಗೆಯುವ ಸೋಡಾ ಅಲ್ಲ. ಕರಾವಳಿಯವರು ಚೆನ್ನಾಗಿ ತೊಳೆದ ಮರುವಾಯಿ ಚಿಪ್ಪನ್ನು ಒಡೆದು ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಳಿಬಿಟ್ಟರೆ ಅದು ನಿಧಾನವಾಗಿ ಕರಗುತ್ತ ಕ್ಷಾರತೆಯನ್ನು ಕಾಯ್ದುಕೊಡುತ್ತದೆ. ಸುಟ್ಟ ಸುಣ್ಣ ಹಾಕಬಾರದು. ರಸಸಾರ ಒಮ್ಮೆಲೇ ಏರಿ ಇರುವ ಜೀವಿಗಳೂ ಸಾಯುತ್ತವೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಹುಳಿ ನೀರಿನಲ್ಲಿ ಅಮೋನಿಯಾ ಬಹುಮಟ್ಟಿಗೆ ವಿಷವಲ್ಲದ ರೂಪದಲ್ಲಿರುತ್ತದೆ. ರಸಸಾರ ಏರಿದಂತೆ ಅದೇ ಅಮೋನಿಯಾ ವಿಷರೂಪಕ್ಕೆ ತಿರುಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ರಸಸಾರ 7 ಇದ್ದಾಗ ವಿಷರೂಪ ಶೇಕಡ ಒಂದಕ್ಕಿಂತ ಕಡಿಮೆ. 8ರಲ್ಲಿ ಶೇಕಡ 5ರ ಮೇಲೆ. 9ರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಖಾಲಿ ತೊಟ್ಟಿಗೆ ಸೋಡಾ ಹಾಕಲು ಭಯವಿಲ್ಲ. ಮೀನಿರುವ, ಅಮೋನಿಯಾ ತುಂಬಿದ ತೊಟ್ಟಿಗೆ ಸೋಡಾ ಸುರಿದರೆ ಗಂಟೆಗಳಲ್ಲಿ ಮೀನು ಸತ್ತಾವು.

ಬಯಲುಸೀಮೆಯ ಕೊಳವೆಬಾವಿ ನೀರಿಗೆ ಕ್ಷಾರತೆಯ ಬರವಿಲ್ಲ; ಅಲ್ಲಿಯ ತೊಂದರೆಗಳೇ ಬೇರೆ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಬೇಕು. ನೀರನ್ನು ಎತ್ತರದಿಂದ ಚಿಮ್ಮಿಸಿ ತುಂಬಬೇಕು, ಗಾಳಿ ಪಂಪು ಹಗಲೂ ರಾತ್ರಿಯೂ ಓಡಬೇಕು. ಮೀನಿಲ್ಲದ ತೊಟ್ಟಿಗೆ ಗಾಳಿಯೇಕೆಂದು ರಾತ್ರಿ ಪಂಪು ನಿಲ್ಲಿಸುವವರ ತೊಟ್ಟಿ ತಡವಾಗದೆ ಇರದು. ಕರೆಂಟ್ ಹೋಗುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು ಇಟ್ಟುಕೊಳ್ಳುವುದು ಲೇಸು. ಮತ್ತೊಂದು ಸಂಗತಿ: ಇಂಥ ನೀರಿನಲ್ಲಿ ಕೆಲವೆಡೆ ನೈಟ್ರೇಟ್ ಮೊದಲೇ ಇರುತ್ತದೆ. ತೊಟ್ಟಿಯಲ್ಲಿ ನೈಟ್ರೇಟ್ ಕಂಡಿತೆಂದು ಹಿಗ್ಗುವ ಮೊದಲು ಬಾವಿಯ ನೀರನ್ನೂ ಪರೀಕ್ಷಿಸಿ ಹೋಲಿಸಬೇಕು.

ಹೊಸ ಸಿಮೆಂಟ್ ತೊಟ್ಟಿಗೆ ಎಲ್ಲಿಯಾದರೂ ಒಂದೇ ಮಾತು. ಸಿಮೆಂಟಿನ ಸುಣ್ಣ ಬಿಟ್ಟು ರಸಸಾರ 10ರ ಮೇಲೇರುತ್ತದೆ. ನೀರು ತುಂಬಿ ಎರಡು ಮೂರು ದಿನ ಬಿಟ್ಟು ಚೆಲ್ಲುವುದನ್ನು ಎರಡು ಮೂರು ವಾರ ಮಾಡಿ, ರಸಸಾರ 8.5ಕ್ಕಿಂತ ಕೆಳಗೆ ನಿಂತ ಮೇಲೆಯೇ ಹದಗೊಳಿಸಲು ಆರಂಭಿಸಬೇಕು.

ಪೇಟೆಯ ಅಥವಾ ಪಂಚಾಯಿತಿಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಣುಜೀವಿಗಳನ್ನು ಕೊಲ್ಲಲೆಂದೇ ಹಾಕಿದ ವಸ್ತು ಅದು. ಬೇಕಾದವು, ಬೇಡಾದವು ಎಂಬ ಭೇದ ಅದಕ್ಕಿಲ್ಲ. ನೀರನ್ನು ಬೇರೆ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಗಾಳಿಯಾಡಿಸಿ ಬಳಸಬೇಕು. ಅವಸರವಿದ್ದರೆ, ಛಾಯಾಗ್ರಾಹಕರು ಹಿಂದೆ ಬಳಸುತ್ತಿದ್ದ ಹೈಪೋ 100 ಲೀಟರಿಗೆ ಒಂದು ಗ್ರಾಂನಂತೆ ಸಾಕು. ಮೊದಲ ದಿನ ಇದನ್ನು ಮಾಡಿ, ಆಮೇಲೆ ಆವಿಯಾದಷ್ಟು ನೀರನ್ನು ದಿನವೂ ನೇರವಾಗಿ ನಲ್ಲಿಯಿಂದ ಬಿಡುವುದು ಸಾಮಾನ್ಯ ತಪ್ಪು.

ನೈಟ್ರೈಟ್ ಹಂತದಲ್ಲಿ ಸಿಕ್ಕಿಕೊಂಡಾಗ

ಅಮೋನಿಯಾ ಇಳಿದು ಶೂನ್ಯವಾಗಿದೆ, ಆದರೆ ನೈಟ್ರೈಟ್ ಏರಿದ್ದು ಇಳಿಯುತ್ತಿಲ್ಲ, ಮೂರು ವಾರವಾಯಿತು. ಕೇಳಿಬರುವ ದೂರುಗಳಲ್ಲಿ ಇದು ದೊಡ್ಡದು. ಎರಡನೆಯ ಗುಂಪು ಹುಟ್ಟುವುದೇ ಮೊದಲನೆಯದು ಅಡುಗೆ ಮಾಡಿ ಬಡಿಸಿದ ಮೇಲೆ. ಆದುದರಿಂದ ಈ ಹಂತ ಮೊದಲಿನದಕ್ಕಿಂತ ಉದ್ದವಾಗುವುದು ತಪ್ಪಲ್ಲ. ಈ ಅವಧಿಯಲ್ಲಿ ಅಮೋನಿಯಾವನ್ನು ಅರ್ಧ ಪ್ರಮಾಣಕ್ಕೆ ಇಳಿಸಿ ಎರಡು ಮೂರು ದಿನಕ್ಕೊಮ್ಮೆ ಮಾತ್ರ ಕೊಡಬೇಕು.

ಕಿಟ್ಟಿನ ಬಣ್ಣ ಗಾಢ ನೇರಳೆಗೆ ತಿರುಗಿ ಅಲ್ಲಿಯೇ ನಿಂತಿದ್ದರೆ ಅಸಲು ಪ್ರಮಾಣ ಕಾಣುತ್ತಿಲ್ಲವೆಂದೇ ಅರ್ಥ. ತೊಟ್ಟಿಯ ನೀರು ಒಂದು ಪಾಲಿಗೆ ಡಿಸ್ಟಿಲ್ಡ್ ನೀರು ಒಂಬತ್ತು ಪಾಲು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ನಿನ್ನೆ 30 ಇದ್ದದ್ದು ಇಂದು 20 ಆಗಿದ್ದರೂ ಬಣ್ಣ ಮಾತ್ರ ಒಂದೇ. ತೊಟ್ಟಿ ಮುಂದೆ ಸಾಗುತ್ತಿದ್ದರೂ ನಿಂತಂತೆ ತೋರುತ್ತದೆ. ನಿಜವಾಗಿಯೂ ಅಷ್ಟು ಏರಿದ್ದರೆ ಅರ್ಧ ನೀರು ಬದಲಿಸಿದರೆ ಒಳ್ಳೆಯದು. ನೈಟ್ರೈಟ್ ಹೆಚ್ಚಿದ್ದಾಗ ನೈಟ್ರೇಟ್ ಪರೀಕ್ಷೆಯೂ ಸುಳ್ಳು ಹೇಳುತ್ತದೆ, ಅದನ್ನು ನಂಬಬಾರದು. ಕಿಟ್ಟುಗಳ ಅಂಕಿಯನ್ನು ಹೋಲಿಸುವಾಗ ಒಂದು ಜಾಗ್ರತೆ ಬೇಕು. ಕೆಲವು ಕಿಟ್ಟುಗಳು ಸಾರಜನಕವನ್ನಷ್ಟೇ ಲೆಕ್ಕ ಹಾಕುತ್ತವೆ, ಕೆಲವು ಪೂರ್ತಿ ನೈಟ್ರೈಟನ್ನು. ಎರಡನೆಯದರ ಅಂಕಿ ಮೊದಲನೆಯದರ ಸುಮಾರು 3.3 ಪಟ್ಟು. ನೆರೆಯವರ ತೊಟ್ಟಿಗಿಂತ ತಮ್ಮದು ಕೆಟ್ಟಿದೆಯೆಂದು ಕೊರಗುವವರು ಮೊದಲು ಇದನ್ನು ನೋಡಿಕೊಳ್ಳಲಿ.

ಎಲ್ಲವೂ ಸರಿಯಿದ್ದು ನೈಟ್ರೈಟ್ ಕದಲದಿದ್ದರೆ ರಂಜಕದ ಕೊರತೆಯಿರಬಹುದು. ಬೆಳೆಗೆ ಹೇಗೋ ಈ ಜೀವಿಗಳಿಗೂ ಹಾಗೆ, ಸಾರಜನಕವೊಂದೇ ಸಾಲದು. ಶುದ್ಧ ರಾಸಾಯನಿಕದಿಂದ ನಡೆಸಿದ ತೊಟ್ಟಿಗೆ ರಂಜಕ ಬರುವ ದಾರಿಯೇ ಇರುವುದಿಲ್ಲ. ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದರೆ ಅದು ಕೊಳೆತು ರಂಜಕ ಒದಗಿಸುತ್ತದೆ. ಇಷ್ಟು ಸಣ್ಣ ಉಪಾಯದಿಂದ ನಿಂತ ತೊಟ್ಟಿ ಮುಂದೆ ಸಾಗುವುದುಂಟು.

ತದ್ವಿರುದ್ಧವಾಗಿ, ಕೆಲವು ತೊಟ್ಟಿಗಳಲ್ಲಿ ನೈಟ್ರೈಟ್ ಕಾಣಿಸಿಕೊಳ್ಳುವುದೇ ಇಲ್ಲ. ಹಿಂದಿನ ಪುಸ್ತಕಗಳಲ್ಲಿ ಎರಡನೆಯ ಗುಂಪೆಂದರೆ ನೈಟ್ರೋಬ್ಯಾಕ್ಟರ್ ಎಂದಿರುತ್ತಿತ್ತು. ಸಿಹಿನೀರಿನ ಮೀನುತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಎಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 2015ರಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು: ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಎರಡೂ ಕೆಲಸವನ್ನು ಒಂದೇ ಜೀವಿ ಮಾಡಬಲ್ಲುದು. ಇದನ್ನು ಪ್ರಕಟಿಸಿದ ಎರಡು ತಂಡಗಳಲ್ಲಿ ಒಂದಕ್ಕೆ ಆ ಜೀವಿ ಸಿಕ್ಕಿದ್ದು ಮೀನು ಸಾಕಣೆ ಘಟಕವೊಂದರ ಫಿಲ್ಟರಿನಲ್ಲಿ. ಆದ್ದರಿಂದ ನೈಟ್ರೈಟ್ ಕಾಣದಿದ್ದರೂ ಅಮೋನಿಯಾ ಇಳಿದು ನೈಟ್ರೇಟ್ ಏರುತ್ತಿದ್ದರೆ ಕೆಲಸ ನಡೆದಿದೆಯೆಂದು ತಿಳಿಯಬಹುದು. ಅಮೋನಿಯಾ ಇಳಿದು ನೈಟ್ರೇಟೂ ಏರದೆ, ನೀರು ಹಸಿರಾಗಿದ್ದರೆ ಮಾತ್ರ ಮೋಸ. ಬಿಸಿಲು ಬಿದ್ದು ಪಾಚಿ ಅಮೋನಿಯಾವನ್ನು ತಿನ್ನುತ್ತಿದೆ. ಫಿಲ್ಟರಿನಲ್ಲಿ ಇನ್ನೂ ಏನೂ ಬೆಳೆದಿಲ್ಲ. ಹೊರಗಿನ ತೊಟ್ಟಿಗೆ ನೆರಳು ಪರದೆ ಕಟ್ಟಬೇಕು.

ಹೆಪ್ಪಿನ ವಿಷಯ

ಹೆಪ್ಪು ಹಾಕಿದರೆ ಆರು ವಾರದ ಕೆಲಸ ಎರಡು ಮೂರು ವಾರಕ್ಕೆ ಇಳಿಯಬಹುದು. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಎಲ್ಲಕ್ಕಿಂತ ಉತ್ತಮ ಹೆಪ್ಪು. ಅದನ್ನು ಒದ್ದೆಯಾಗಿಯೇ ತಂದು ಅಂದೇ ಹೊಸ ಫಿಲ್ಟರಿನ ಪಕ್ಕ ಇಡಬೇಕು. ಬಾಟಲಿಯಲ್ಲಿ ಮಾರುವ ಅಣುಜೀವಿಗಳ ಬಗ್ಗೆ ವಿಶ್ವಾಸ ಮಿತವಾಗಿರಲಿ. ಅಂಗಡಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಕುಳಿತ ಬಾಟಲಿಯಲ್ಲಿ ಜೀವ ಉಳಿದಿರುವ ಭರವಸೆ ಕಡಿಮೆ. ಮಾಗಿಯ ಚಳಿಯಲ್ಲಿ ನೀರು 18 ಡಿಗ್ರಿಗೆ ಇಳಿದರೆ ಯಾವ ಹೆಪ್ಪೂ ಬೇಗ ಹಿಡಿಯದು. ಹೀಟರ್ ಇಡಬೇಕು, ಇಲ್ಲವೆ ಹೆಚ್ಚು ದಿನ ಕಾಯಬೇಕು. ಮುನ್ನೆಚ್ಚರಿಕೆಯೆಂದು ಫಾರ್ಮಲಿನ್, ಮೆಥಿಲಿನ್ ಬ್ಲೂ, ಜೀವಿನಿರೋಧಕ ಔಷಧಿಗಳನ್ನು ಖಾಲಿ ತೊಟ್ಟಿಗೆ ಹಾಕುವುದು ಪ್ಯಾರಿಸಿನ ಕೊಳವೆಗೆ ಕ್ಲೋರೋಫಾರಂ ಬಿಟ್ಟಂತೆಯೇ.

ಈಗಾಗಲೇ ಮೀನು ಬಿಟ್ಟು ಕಷ್ಟದಲ್ಲಿರುವವರು ಆಹಾರ ನಿಲ್ಲಿಸಿ, ಕ್ಲೋರಿನ್ ಇಲ್ಲದ ನೀರಿನಿಂದ ದಿನವೂ ಮೂರನೆಯ ಒಂದು ಪಾಲು ನೀರು ಬದಲಿಸಬೇಕು. ನೈಟ್ರೈಟ್ ಹೆಚ್ಚಿದ್ದರೆ 100 ಲೀಟರಿಗೆ 100 ಗ್ರಾಂ ಕಲ್ಲುಪ್ಪನ್ನು ಕರಗಿಸಿ ನಿಧಾನವಾಗಿ ಸೇರಿಸಬಹುದು. ಉಪ್ಪಿನ ಕ್ಲೋರೈಡ್ ಅಂಶ ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಅಮೋನಿಯಾಕ್ಕೆ ಉಪ್ಪಿನಿಂದ ಪ್ರಯೋಜನವಿಲ್ಲ. ನೀರು ಬದಲಿಸುವುದೊಂದೇ ದಾರಿ.

ತೊಟ್ಟಿ ಹದವಾಗಿದೆಯೆಂದು ತಿಳಿಯುವುದು ಹೀಗೆ. 100 ಲೀಟರಿಗೆ 1 ಗ್ರಾಂ ಅಮೋನಿಯಂ ಸಲ್ಫೇಟ್ ಹಾಕಿ 24 ಗಂಟೆಗಳ ನಂತರ ನೋಡಿದರೆ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವಿರಬೇಕು. ಎರಡು ದಿನ ಸತತವಾಗಿ ಹೀಗೆ ಬಂದರೆ ಮುಕ್ಕಾಲು ಪಾಲು ನೀರು ಬದಲಿಸಿ, ಮರುದಿನ ಅರ್ಧದಷ್ಟು ಮೀನು ಬಿಡಬಹುದು. ಉಳಿದದ್ದು ಎರಡು ವಾರ ಕಳೆದ ಮೇಲೆ. ಮರಿಗಳು ಬರುವುದು ತಡವಾದರೆ ತೊಟ್ಟಿಯನ್ನು ಉಪವಾಸ ಕೆಡವಬಾರದು, ಮೂರು ದಿನಕ್ಕೊಮ್ಮೆ ಅರ್ಧ ಪ್ರಮಾಣ ಅಮೋನಿಯಾ ಕೊಡುತ್ತಿರಬೇಕು. ಮುಂದೆ ಸ್ಪಂಜು ಕಟ್ಟಿಕೊಂಡಾಗ ಅದನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಬಾರದು. ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿಟ್ಟು, ಅದರಲ್ಲಿ ಎರಡು ಸಲ ಹಿಂಡಿ ಮತ್ತೆ ಜಾಗಕ್ಕಿಟ್ಟರೆ ಸಾಕು.